ಸೇಬಿಗೆ ಎಷ್ಟು ಹೊಗೆ?

"ಅಮೆರಿಕದ್ದಾ? ಹಾಗಾದ್ರೆ ಎರಡು ಕೆಜಿ ಹಾಕಮ್ಮಾ!" ಎಂದರು ಪರಮಶಿವಯ್ಯ ತಾತ.

ಹಂಸಾಳ ಮುಖ ಸಪ್ಪಗಾಯಿತು. ಅಮ್ಮನ ಹಣ್ಣಿನಂಗಡಿಯಲ್ಲಿ ಸೇಬಿನ ಮುಂದೆ ಅವಳೇ ರಟ್ಟಿನ ಬೋರ್ಡು ಇಟ್ಟಿದ್ದಳು. ಅದರಲ್ಲಿ ಒಂದು ಹಡಗು, ಒಂದು ಲಾರಿ, ಎರಡರ ಮೇಲೂ ಕಪ್ಪು ಕ್ರೆಯಾನ್ ಸವೆಯುವಷ್ಟು ಹೊಗೆ. ಕೆಳಗೆ, 'ಅಮೆರಿಕದಿಂದ ಬಂದಿದೆ. ತುಂಬಾ ಹೊಗೆ. ಭೂಮಿಗೆ ಬಿಸಿ!' ಪಕ್ಕದ ಸೀಬೆಹಣ್ಣಿನ ಬುಟ್ಟಿಗೆ ಇನ್ನೊಂದು ಬೋರ್ಡು: 'ಇಲ್ಲೇ ಹತ್ತಿರದ ಕೋಣನಕುಂಟೆಯಿಂದ ಬಂದಿದೆ. ಸ್ವಲ್ಪವೇ ಹೊಗೆ.'

ಸ್ಕೂಲಿನಲ್ಲಿ ಸೈನ್ಸ್ ಮಿಸ್ ಹೇಳಿದ್ದ ಪಾಠ ಅದು. ಬೋರ್ಡು ಓದಿದರೆ ಸಾಕು, ಜಯನಗರದ ಜನವೆಲ್ಲ ಸೀಬೆಗೆ ಮುಗಿಬೀಳುತ್ತಾರೆ ಎಂದು ಹಂಸಾ ಅಮ್ಮನ ತಲೆ ತಿಂದು ಒಂದು ಬುಟ್ಟಿ ಜಾಸ್ತಿ ತರಿಸಿದ್ದಳು. ಈಗ ನೋಡಿದರೆ ಸೇಬು ಖಾಲಿಯಾಗುತ್ತಿತ್ತು. ಸೀಬೆ ಕೂತಲ್ಲೇ ಕೂತಿತ್ತು.

"ತಾತಾ, ಬೋರ್ಡ್ ಓದಿದ್ರಾ?"

"ಓದಿದ್ನಲ್ಲ ಪುಟ್ಟೀ! ಇಲ್ದಿದ್ರೆ ಅಮೆರಿಕದ್ದು ಅಂತ ನಂಗೆ ಹೇಗೆ ಗೊತ್ತಾಗ್ತಿತ್ತು? ಬೀಗರ ಮನೆಗೆ ಹೋಗ್ತಿದೀನಿ. ಸೀಬೆಹಣ್ಣು ತಗೊಂಡು ಹೋದ್ರೆ ಮರ್ಯಾದೆ ಇರುತ್ತಾ?"

ಅಮ್ಮ ವಿಮಲಾ ನಗು ತಡೆದುಕೊಂಡು ಸೇಬು ತೂಗಿಕೊಟ್ಟಳು. ಆಮೇಲೆ ಮಗಳಿಗೆ ಮೆಲ್ಲಗೆ ಹೇಳಿದಳು, "ಹಂಸಾ, ಸಂಜೆಯೊಳಗೆ ಸೀಬೆ ಹೋಗ್ಲಿಲ್ಲ ಅಂದ್ರೆ ಬೋರ್ಡ್ ತೆಗೆದುಬಿಡೋಣ. ಅಂಗಡಿ ನಡೀಬೇಕಲ್ವಾ?"

ಹಂಸಾಗೆ ಅಳುವೇ ಬಂತು. ಅಳು ಬಂದರೇನು, ಹಸಿವು ಬಿಡುತ್ತದೆಯೇ? ಒಂದು ಸೀಬೆಹಣ್ಣು ಹೆಚ್ಚಿ, ಉಪ್ಪು ಖಾರದಪುಡಿ ಸವರಿ, ಅಂಗಡಿಯ ಮೆಟ್ಟಿಲ ಮೇಲೆ ಕೂತು ತಿನ್ನತೊಡಗಿದಳು. ಸುತ್ತಲೂ ಘಮಘಮ.

ಆಟೋಗೆ ಕಾಯುತ್ತಿದ್ದ ಪರಮಶಿವಯ್ಯ ಒಮ್ಮೆ ತಿರುಗಿದರು. ಇನ್ನೊಮ್ಮೆ ತಿರುಗಿದರು. ಖಾಲಿ ಆಟೋ ಒಂದು ಮುಂದೆಯೇ ಹೋಯಿತು, ಅವರು ಕೈ ತೋರಿಸಲೇ ಇಲ್ಲ.

"ಒಂದು ಹೋಳು ಕೊಡ್ತೀಯಾ ಪುಟ್ಟೀ?"

ಕೊಟ್ಟಳು. ತಾತ ಕಣ್ಣು ಮುಚ್ಚಿಕೊಂಡು ಜಗಿದರು.

"ಆಹಾ! ಸೇಬು ಬೀಗರಿಗಿರ್ಲಿ, ಇದು ನಮ್ಮನೆಗೆ. ಒಂದು ಕೆಜಿ ಹಾಕಮ್ಮಾ. ಎಲ್ಲಿಂದ ಬಂತು ಇದು?"

ಬೋರ್ಡು ಅವರ ಮೂಗಿನ ಕೆಳಗೇ ಇತ್ತು. ಅದನ್ನು ತೋರಿಸಲು ಎತ್ತಿದ ಕೈಯನ್ನು ಹಂಸಾ ಹಾಗೇ ಇಳಿಸಿದಳು.

"ಕೋಣನಕುಂಟೆಯಿಂದ ತಾತಾ. ಬೆಳಿಗ್ಗೆ ಇನ್ನೂ ಮರದಲ್ಲೇ ಇತ್ತು."

"ಅದಕ್ಕೇ ಈ ರುಚಿ!" ಎಂದ ತಾತ, ಕೈಯಲ್ಲಿದ್ದ ಸೇಬಿನ ಚೀಲ ನೋಡಿದರು. "ಪಾಪ, ಇದು ಎಷ್ಟು ದಿನ ಹಡಗಲ್ಲಿ ಕೂತಿತ್ತೋ! ಆ ಹಡಗಿಗೆ ಎಷ್ಟು ಡೀಸೆಲ್ ಬೇಕಾಯ್ತೋ!"

ಹಂಸಾ ಬೆರಗಾದಳು. ಹೊಗೆಯ ಮಾತನ್ನು ಅವಳು ಎತ್ತಿಯೇ ಇರಲಿಲ್ಲ.

ಆಟೋ ಹತ್ತುವವರೆಗೂ ತಾತ ಒಂದಾದ ಮೇಲೊಂದು ಪ್ರಶ್ನೆ ಕೇಳಿದರು. ಹಂಸಾ ಗೊತ್ತಿದ್ದಷ್ಟು ಹೇಳಿದಳು. ಗೊತ್ತಿಲ್ಲದ್ದನ್ನು ಮಿಸ್ ಹತ್ತಿರ ಕೇಳಿ ಹೇಳ್ತೀನಿ ಎಂದಳು.

ಅಷ್ಟರಲ್ಲಿ ಒಬ್ಬರು ಆಂಟಿ ಬಂದು ಬೋರ್ಡಿನ ಮುಂದೆ ನಿಂತರು. "ಏನಮ್ಮಾ ಇದು, ಹಣ್ಣಿಗೂ ಹೊಗೆಗೂ ಏನು ಸಂಬಂಧ?"

ವಿಮಲಾ ಮಗಳ ಕಡೆ ನೋಡಿದಳು. ಹಂಸಾ ಇನ್ನೊಂದು ಸೀಬೆ ಹೆಚ್ಚಿ, ಉಪ್ಪು ಖಾರ ಸವರಿ, ಒಂದು ಹೋಳು ಮುಂದೆ ಹಿಡಿದಳು.

"ಮೊದಲು ಇದನ್ನ ತಿನ್ನಿ ಆಂಟಿ. ಆಮೇಲೆ ಹೇಳ್ತೀನಿ."