ಡ್ರಿಪ್ಪಿನಲ್ಲಿ ಹರಿದದ್ದೇನು?

"ನೀವು ಕೊಟ್ಟಿದ್ದು ಔಷಧಿ ಅಲ್ಲ, ನೀರು! ನೀರು ಕಣ್ರೀ!"

ಮಗುವಿನ ತಾಯಿ ಆಸ್ಪತ್ರೆಯ ಉಗ್ರಾಣದ ಕಿಟಕಿಗೆ ಗುದ್ದಿದಳು. ಒಳಗಿದ್ದವನು ಬೀಗದಯ್ಯ. ಔಷಧಿಗಳೆಲ್ಲ ಅವನ ಬೀಗದೊಳಗೇ ಇದ್ದುದರಿಂದ ಬಂದ ಅಡ್ಡಹೆಸರು.

"ಬಾಯಿಗೆ ಬಂದಂಗೆ ಮಾತಾಡ್ಬೇಡಮ್ಮ! ಸೀಲು ಒಡೆಯದ ಬಾಟಲಿ ಕೊಟ್ಟಿದ್ದೀನಿ. ಮೊನ್ನೆ ತಗೊಂಡು ಹೋದೋಳು ನಿಮ್ಮಕ್ಕಾನೇ, ವಾರ್ಡಿನ ನರ್ಸು. ಅವಳನ್ನ ಕೇಳು!"

"ನಮ್ಮಕ್ಕನ ಸುದ್ದಿಗೆ ಬರಬೇಡಿ. ಮಗೂನ ಎತ್ತಿ ಆಡಿಸಿದೋಳು ಅವಳು."

ಮೂರೂವರೆ ವರ್ಷದ ಹುಡುಗಿ. ರಕ್ತಸ್ರಾವ ತಡೆಯುವ ಪ್ಲೇಟ್‌ಲೆಟ್ಟುಗಳನ್ನು ಅವಳ ಮೈಯೇ ನುಂಗಿಹಾಕುತ್ತಿತ್ತು. ಅದಕ್ಕೆಂದೇ ನಿನ್ನೆ ಬೆಳಿಗ್ಗೆ ಇಮ್ಯುನೊಗ್ಲಾಬ್ಯುಲಿನ್ ಡ್ರಿಪ್ ಹಾಕಿದ್ದರು. ಇವತ್ತು ನೋಡಿದರೆ ಎಂಟು ಸಾವಿರವಿದ್ದ ಪ್ಲೇಟ್‌ಲೆಟ್ ಎಣಿಕೆ ಐದು ಸಾವಿರಕ್ಕಿಳಿದಿತ್ತು. ಒಸಡಿನಿಂದ ರಕ್ತ. ಕೆಲವರಿಗೆ ಈ ಔಷಧಿ ನಾಟುವುದಿಲ್ಲ ಎಂದಿದ್ದರು ಡಾಕ್ಟರು. ತಾಯಿ ನಂಬಲಿಲ್ಲ.

"ನೀರು ಅಂತ ಯಾಕಂದೆ?" ಬೀಗದಯ್ಯ ಕೇಳಿದ.

"ನೀರಿನ ಹಾಗೇ ಇತ್ತು. ತಣ್ಣಗಿದೆ, ತಂಪು ಬಿಡಲಿ ಅಂತ ಅಕ್ಕ ಬಾಟಲೀನ ಮೇಜಿನ ಮೇಲಿಟ್ಟಿದ್ದಳು. ನನ್ನ ಮಗಳು ಎತ್ಕೊಂಡು ಗಿಲಕಿ ಥರ ಗಡಗಡ ಅಲ್ಲಾಡಿಸಿದಳು."

"ನೊರೆ ಬಂತಾ?"

"ಇಲ್ಲ."

"ನಿಮ್ಮಕ್ಕ ಕಿತ್ಕೊಂಡಳಾ? ಬೈದಳಾ?"

"ಮಗೂನ ಯಾಕೆ ಬೈತಾಳೆ? ನಕ್ಕಳು."

ಬೀಗದಯ್ಯ ಎದ್ದ. ತಾಯಿಯ ಜೊತೆ ನೆಟ್ಟಗೆ ವಾರ್ಡಿಗೆ ಹೋಗಿ ಫ್ರಿಜ್ಜಿನ ಐಸ್ ಖಾನೆ ತೆರೆದ. ಮಂಜುಗಡ್ಡೆಗೆ ಲೇಬಲಿನ ಚೂರೊಂದು ಅಂಟಿತ್ತು. ನಿನ್ನೆಯ ಖಾಲಿ ಬಾಟಲಿ ತರಿಸಿದ. ಅದರ ಲೇಬಲಿನ ಮೂಲೆ ಹರಿದಿತ್ತು—ಚೂರು ಅಲ್ಲಿಗೆ ಸರಿಯಾಗಿ ಕೂತಿತು.

ಅಲ್ಲೇ ಡ್ಯೂಟಿಯಲ್ಲಿದ್ದ ಅಕ್ಕನ ಮುಖ ಬಿಳಿಚಿಕೊಂಡಿತು.

"ಈ ಔಷಧಿ ಕುಲುಕಿದ್ರೆ ನೊರೆ ಏಳುತ್ತೆ. ಕುಲುಕಬಾರದು ಅಂತ ಪ್ರತಿ ನರ್ಸಿಗೂ ಗೊತ್ತು," ಎಂದ ಬೀಗದಯ್ಯ. "ಮಗು ಕುಲುಕಿದ್ರೂ ನೀನು ನಕ್ಕೆ. ಯಾಕೆ? ಒಳಗಿದ್ದದ್ದು ಸಲೈನು! ಈ ಔಷಧಿ ಗಡ್ಡೆ ಕಟ್ಟಿದ್ರೆ ಕೆಲಸಕ್ಕೆ ಬರಲ್ಲ; ನೀನು ಐಸಿನಲ್ಲಿಟ್ಟು ಹಾಳು ಮಾಡಿದೆ. ಸಿರಿಂಜಿನಲ್ಲಿ ಎಳೆದು ಚೆಲ್ಲಿ, ಸಲೈನು ತುಂಬಿದೆ. ಹೌದೋ ಅಲ್ವೋ?"

"ಅವಸರದಲ್ಲಿ ಇಟ್ಬಿಟ್ಟೆ... ಗಡ್ಡೆ ಕಟ್ಟಿದ್ದನ್ನ ಹಾಕಿದ್ರೆ ಮಗೂಗೆ ಅಪಾಯ. ಹೇಳಿದ್ರೆ ನನ್ನ ಕೆಲಸ ಹೋಗ್ತಿತ್ತು. ಎರಡು ದಿನ ಬಿಟ್ಟು ಇನ್ನೊಂದು ಬರೆಸೋಣ ಅಂತ..."

"ಎರಡು ದಿನ ನನ್ನ ಮಗು ರಕ್ತ ಸುರಿಸ್ತಾ ಕಾಯಬೇಕಿತ್ತಾ?" ತಂಗಿಯ ದನಿ ಒಡೆಯಿತು. "ಹೇಳಿದ್ರೆ ನಾನೇ ನಿನ್ನ ಪರವಾಗಿ ಡಾಕ್ಟರ ಕಾಲು ಹಿಡೀತಿದ್ದೆನಲ್ಲೇ!"

ಅಕ್ಕ ಮಗುವಿನ ಮಂಚದ ಕಡೆ ಒಂದು ಹೆಜ್ಜೆ ಇಟ್ಟಳು. ತಂಗಿ ಅಡ್ಡ ನಿಂತಳು. ಅಕ್ಕ ತಿರುಗಿ ಹೊರಟುಹೋದಳು.

ಮಧ್ಯಾಹ್ನ ಬೇರೆ ಆಸ್ಪತ್ರೆಯಿಂದ ಬಾಟಲಿ ಬಂತು. ಹೊಸ ನರ್ಸು ಸೂಜಿ ಹಿಡಿದು ಬಂದದ್ದೇ ತಡ, ಮಗು ಕೈ ಬಚ್ಚಿಟ್ಟುಕೊಂಡಿತು.

"ನೀನು ಬೇಡ. ದೊಡ್ಡಮ್ಮನೇ ಚುಚ್ಚಲಿ. ದೊಡ್ಡಮ್ಮ ಚುಚ್ಚಿದ್ರೆ ನೋಯಲ್ಲ."

ಎಲ್ಲರೂ ಬಾಗಿಲ ಕಡೆ ನೋಡಿದರು, ತಾಯಿಯೊಬ್ಬಳನ್ನು ಬಿಟ್ಟು. ದೊಡ್ಡಮ್ಮ ಬರಲಿಲ್ಲ.