ಹುಚ್ಚವ್ವನ ಹಣಗಿ

ನಾನು ಜೀವನದಲ್ಲಿ ಕದ್ದ ಮೊದಲ ವಸ್ತುವನ್ನು ನೋಡಿ ಪೂರ್ಣಿ ಬಿದ್ದು ಬಿದ್ದು ನಕ್ಕಳು. ಲಕ್ಷ್ಮೇಶ್ವರದ ಬಸ್ ಸ್ಟ್ಯಾಂಡಿನ ಹಿಂದೆ, ಗೆಳೆಯ ಮುಸ್ತಾಕನ ಅಣ್ಣನ ಆಟೋದಲ್ಲಿ ಕೂತಿದ್ದೆವು. ನಾನು ತಂದ ಟವೆಲ್ ಬಿಚ್ಚಿ ಅವಳು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು.

"ಏನಿದು?"

"ಹಣಗಿ. ನೀನ ಹೇಳಿದ್ಯಲ್ಲ, ಅಜ್ಜಿ ಹಣಗಿ, ಹಳೇದು ಅಂತ."

"ಏ ಮುಕುಂದ, ಇದು ತಲಿ ಬಾಚ್ಕೊಳ್ಳೋ ಹಣಗಿ!"

"ಮತ್ತ ಹಣಗಿ ಅಂದ್ರ ಇನ್ನೇನು?"

"ಮಗ್ಗದ ಹಣಗಿಲೇ! ನಾಲ್ಕ ಫೂಟ ಉದ್ದ ಇರ್ತೈತಿ. ಅದರ ಹಲ್ಲಿನ ಸಂದ್ಯಾಗ ಸೀರಿ ಎಳಿ ಹಾಯ್ತಾವು."

ಮುಂದೆ ಹ್ಯಾಂಡಲ್ ಹಿಡಿದು ಕೂತಿದ್ದ ಮುಸ್ತಾಕ ತಿರುಗಿ, "ಆಚಾರ್ರ ಮಗನ ಕೂಡ ಕಳವಿಗೆ ಬಂದ್ರ ಹಿಂಗ ಆಗೂದು" ಎಂದ.

ತಪ್ಪು ನನ್ನದೊಬ್ಬನದೇ ಅಲ್ಲ. ನಮ್ಮಪ್ಪ ಪಾಂಡುರಂಗಾಚಾರ್ರು ಅದೇ ಊರಿನ ಒಂದು ಗುಡಿಯಲ್ಲಿ ಪೂಜೆ ಮಾಡುತ್ತಾರೆ. ನಮ್ಮ ಮನೆಯಲ್ಲಿ ಹಣಗಿ ಎಂದರೆ ಕೂದಲಿಗೆ. ಪೂರ್ಣಿಯಂಥ ಬೆಟಗೇರಿಯ ನೇಕಾರರ ಮನೆಯಲ್ಲಿ ಅದೇ ಮಾತಿಗೆ ಇನ್ನೊಂದು ಅರ್ಥವಿದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಪ್ರಸಾದ ಕೊಡುವ ನೆಪದಲ್ಲಿ ಅವಳ ದೊಡ್ಡಪ್ಪ ಪುಂಡಲೀಕಪ್ಪನ ಮನೆ ಹೊಕ್ಕು, ಕುಡಿಯಲು ನೀರು ಕೇಳಿ, ಅವನ ಹೆಂಡತಿ ಒಳಗೆ ಹೋದಾಗ ಗೋಡೆಯ ಮಾಡದಿಂದ ಎತ್ತಿಕೊಂಡು ಬಂದಿದ್ದೆ. ಇಷ್ಟೆಲ್ಲಾ ಒಂದು ಬಾಚಣಿಗೆಗೆ.

ನಗುತ್ತಾ ನಗುತ್ತಾ ಪೂರ್ಣಿ ಅಳತೊಡಗಿದಳು. ಅಳುವ ಹುಡುಗಿಯ ಮುಂದೆ ಏನು ಮಾಡಬೇಕೆಂಬುದು ಪಿಯುಸಿ ಸಿಲೆಬಸ್ಸಿನಲ್ಲಿಲ್ಲ. ನಾನು ಹೊರಗೆ ನಿಂತಿದ್ದ ಎಮ್ಮೆಯನ್ನು ನೋಡಿದೆ.

"ನಾಳೆ ಸಂಜೀಕ ಗಾಡಿ ಬರ್ತೈತಿ" ಎಂದಳು. "ದೊಡ್ಡಪ್ಪ ಮಗ್ಗ ಯಾವುದೋ ರಿಸಾರ್ಟಿನವರಿಗೆ ಮಾರ್‍ಯಾನ. ಬಂದವರು ಮುಂದ ನಿಂತು ಫೋಟೋ ಹೊಡಕೋತಾರಂತ."

ಮಗ್ಗ ಅವಳ ಅಜ್ಜಿ ಹುಚ್ಚವ್ವನದು. ಮನೆ ಪಾಲಾದಾಗ ಅದು ಲಕ್ಷ್ಮೇಶ್ವರದ ದೊಡ್ಡಪ್ಪ ಪುಂಡಲೀಕಪ್ಪನಿಗೆ ಹೋಯಿತು. ಅಂದಿನಿಂದ ಆ ಮನೆಯ ನೀರು ಈ ಮನೆಯವರು ಕುಡಿಯುವುದಿಲ್ಲ. ಹಣಗಿಯಷ್ಟೇ ಕೊಡಿ ಎಂದು ಪೂರ್ಣಿ ಫೋನಿನಲ್ಲಿ ಕೇಳಿದ್ದಕ್ಕೆ, "ಮಗ್ಗ ಪೂರಾ ಕೊಡ್ತೀನಂತ ಮಾತ ಕೊಟ್ಟೀನಿ, ಒಂದ ಹಲ್ಲೂ ಕಡಿಮಿ ಆಗಬಾರದು" ಎಂದಿದ್ದನಂತೆ.

"ನಿಮ್ಮ ಮನ್ಯಾಗ ಮತ್ತೊಂದು ಮಗ್ಗ ಅದ ಅಂತೀ. ಹೊಸಾ ಹಣಗಿ ತಂದ್ರ ಆಗೂದಿಲ್ಲೇನು?"

"ಮಗ್ಗದಿಂದ ಸೀರಿ ಇಳಿಸಿದ ಮ್ಯಾಲೆ ಹಣಗ್ಯಾಗಿನ ಎಳಿ ಪೂರಾ ತಗಿಯೂದಿಲ್ಲೋ. ಗೇಣಷ್ಟು ತುದಿ ಬಿಡ್ತೀವಿ. ಮುಂದಿನ ಸೀರೀ ಎಳಿ ಆ ತುದಿಗೆ ಒಂದೊಂದ ಕೂಡಿಸಿದ್ರ ಆತು. ಯಾವ ಬಣ್ಣ ಎಲ್ಲಿ, ದಡ್ಯಾಗ ಎಷ್ಟೆಳಿ, ಎಲ್ಲಾ ಅಲ್ಲೇ ಇರ್ತೈತಿ. ಅಜ್ಜಿಗೆ ಈಗ ಕಣ್ಣ ಕಾಣೂದಿಲ್ಲ. ಕೇಳಿದ್ರ, ಕೈಗೆ ಗೊತ್ತಿತ್ತವಾ, ಬಾಯಿಗೆ ಗೊತ್ತಿಲ್ಲ ಅಂತಾಳ." ಮೂಗು ಒರೆಸಿಕೊಂಡಳು. "ಆ ಹಣಗಿ ಹೋದ್ರ ಅಜ್ಜಿ ಸೀರಿ ಹೋತು. ಮತ್ತ್ಯಾರಿಗೂ ನೇಯಾಕ ಬರೂದಿಲ್ಲ."

ನನಗೆ ಸೀರೆಯ ಬಗ್ಗೆ ಅಂಥ ಆಸಕ್ತಿ ಇರಲಿಲ್ಲ. ಪೂರ್ಣಿಯ ಬಗ್ಗೆ ಇತ್ತು. ಗದಗಿನ ಕಾಲೇಜಿನಲ್ಲಿ ನನ್ನ ಮುಂದಿನ ಬೆಂಚು ಅವಳದು. ಪೆನ್ನು ಕೇಳಲು ತಿರುಗಿದಾಗ ಮೊದಲು ಪೆನ್ನು ನೋಡುತ್ತಾಳೆ, ಆಮೇಲೆ ನನ್ನನ್ನು, ಆಮೇಲೆ ಮತ್ತೆ ಪೆನ್ನನ್ನು. ನಡುವಿನ ಆ ಒಂದು ಕ್ಷಣಕ್ಕಾಗಿ ಎರಡು ವರ್ಷದಿಂದ ಮೂರು ಪೆನ್ನು ಒಯ್ಯುತ್ತಿದ್ದೇನೆ. ಇದನ್ನು ಅವಳಿಗೆ ಹೇಳುವ ಧೈರ್ಯ ಬಂದಿರಲಿಲ್ಲ. ಕಳ್ಳತನಕ್ಕೆ ಬಂದಿತ್ತು.

"ನಾನ ಒಳಗ ಹೋಗಬೇಕು" ಎಂದಳು. "ಗಂಟ ಹಾಕದ ಕತ್ತರಿಸಿದ್ರ ಎಳಿ ಜಾರಿ ಹೋಗ್ತಾವು. ಅರ್ಧಾ ತಾಸರ ಬೇಕು. ಹಿತ್ತಲ ಬಾಗಲಾ ಹಗಲೊತ್ತು ತಗದ ಇರ್ತೈತಿ, ಆದ್ರ ಮಂದಿ?"

"ಮಂದೀನ್ನ ನಾ ಮುಂದ ಕೂಡಸ್ತೇನಿ."

"ಹೆಂಗ?"

"ಪೂಜಾ ಮಾಡಿ."

ಅವಳು ನನ್ನನ್ನು ನೋಡಿದಳು. ನಡುವೆ ಪೆನ್ನು ಇರಲಿಲ್ಲ.

ಮರುದಿನ ಹನ್ನೊಂದಕ್ಕೆ ಮಡಿ ಪಂಚೆ ಉಟ್ಟು, ಹಣೆಗೆ ಗಂಧ ಹಚ್ಚಿ ಪುಂಡಲೀಕಪ್ಪನ ಬಾಗಿಲಲ್ಲಿ ನಿಂತೆ.

"ಬರ್ರಿ ಸಣ್ಣ ಆಚಾರ್ರ, ಕುಂಡ್ರಿ. ಏನ ಬಂದ್ರಿ?"

"ಮಗ್ಗ ಮನಿ ಬಿಡ್ತದಂತ, ಕಾಕಾ. ಹಂಗ ಬರಿಗೈಲೆ ಕಳಸಬಾರದು. ಒಂದ ಸಣ್ಣ ಪೂಜಾ ಮಾಡಿ ಕಳಸ್ರಿ."

ಅಂಥ ಪದ್ಧತಿ ಯಾವ ಶಾಸ್ತ್ರದಲ್ಲೂ ಇಲ್ಲ. ಆದರೆ ಹೆಂಡತಿ ತಿಪ್ಪವ್ವ ಆಗಲೇ ಪಡಸಾಲೆಯಲ್ಲಿ ಚಾಪೆ ಹಾಸುತ್ತಿದ್ದಳು. "ನಾ ಹೇಳಿದ್ದಿಲ್ಲನು, ಹಂಗ ಕೊಟ್ರ ಚಲೋ ಅಲ್ಲಂತ" ಎಂದು ಗಂಡನನ್ನು ಗದರಿದಳು. ಮಗ್ಗ ಹೊರಡುವ ದಿಕ್ಕು ಇದೇ ಎಂದು ಮುಂಬಾಗಿಲ ಕಡೆ ಮುಖ ಮಾಡಿ ಇಬ್ಬರನ್ನೂ ಕೂಡಿಸಿ, ಕಣ್ಣು ತೆರೆಯಬಾರದೆಂದು ಹೇಳಿದೆ. ಕೆಲಸ ಮುಗಿದಾಗ ಮುಸ್ತಾಕ ಬೀದಿಯಲ್ಲಿ ಹಾರ್ನ್ ಹೊಡೆಯಬೇಕು ಎಂದು ಮಾತಾಗಿತ್ತು.

ಅಪ್ಪ ಕಲಿಸಿದ ಮಂತ್ರಗಳು ಹತ್ತು ನಿಮಿಷಕ್ಕೆ ಮುಗಿದವು. ಎಲ್ಲವನ್ನೂ ಇನ್ನೊಮ್ಮೆ ಹೇಳಿದೆ. ಹಾರ್ನ್ ಇಲ್ಲ. ಹಿಂದಿನ ಕೋಣೆಯಲ್ಲಿ ಮಗ್ಗದ ಕಟ್ಟಿಗೆ ಸಣ್ಣಗೆ ಕಿರುಗುಟ್ಟಿತು. ದನಿ ಏರಿಸಬೇಕಿತ್ತು, ಹೇಳಲು ಏನೂ ಇರಲಿಲ್ಲ. ಬಾಯಿಗೆ ಬಂದದ್ದು ಒಂದೇ ಹೆಸರು.

"ಅನ್ನಪೂರ್ಣಾಯೈ ನಮಃ" ಎಂದೆ. ಮತ್ತೆ ಎಂದೆ. ಮತ್ತೆ.

ಪುಂಡಲೀಕಪ್ಪ ಒಂದು ಕಣ್ಣು ತೆರೆದ. "ಮಗ್ಗದ ಪೂಜಿಗೆ ಅನ್ನಪೂರ್ಣಿ ಯಾಕ್ರಿ?"

"ಇಷ್ಟ ದಿವಸ ಅನ್ನಾ ಕೊಟ್ಟದ್ದು ಮಗ್ಗ ಅಲ್ಲೇನ್ರಿ ಕಾಕಾ?"

"ಖರೆ" ಎಂದು ಕಣ್ಣು ಮುಚ್ಚಿದ. ತಿಪ್ಪವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮೈದುನನ ಮಗಳು ಪೂರ್ಣಿಯ ಪೂರ್ತಿ ಹೆಸರೂ ಅದೇ ಎಂದು ನೆನಪಾಯಿತೋ, ಊದಿನಕಡ್ಡಿಯ ಹೊಗೆಯೋ, ನಾನು ಕೇಳಲಿಲ್ಲ. ಹೇಳುತ್ತಲೇ ಹೋದೆ. ಎರಡು ವರ್ಷ ಮನಸ್ಸಿನಲ್ಲಿ ಹೇಳಿಕೊಂಡದ್ದನ್ನು ಗಟ್ಟಿಯಾಗಿ, ಅವಳ ದೊಡ್ಡಪ್ಪನ ಎದುರೇ, ಗಂಟೆ ಬಾರಿಸುತ್ತಾ ಹೇಳಿದೆ. ಬಹಳ ಸುಖವಾಯಿತು. ಹಾರ್ನ್ ಕೇಳಿದಾಗ ನಿಜಕ್ಕೂ ಬೇಸರವಾಯಿತು.

ಪುಂಡಲೀಕಪ್ಪ ಐವತ್ತೊಂದು ರೂಪಾಯಿ ದಕ್ಷಿಣೆ ಕೊಟ್ಟ. ಬೇಡವೆನ್ನಲು ಆಗಲಿಲ್ಲ.

ಆಟೋ ಗದಗಿನ ದಾರಿ ಹಿಡಿದಿತ್ತು. ಚಾದರದಲ್ಲಿ ಸುತ್ತಿದ ಹಣಗಿ ನಮ್ಮಿಬ್ಬರ ತೊಡೆಯ ಮೇಲೆ ಅಡ್ಡ ಮಲಗಿತ್ತು. ಅದರ ಜಾಗದಲ್ಲಿ ಪೂರ್ಣಿ ಮನೆಯಿಂದ ತಂದ ಮುರುಕು ಹಣಗಿಯೊಂದನ್ನು ಕೂಡಿಸಿ ಬಂದಿದ್ದಳು. ಬಾಚಣಿಗೆಯೂ ಮರಳಿ ಗೋಡೆಯ ಮಾಡ ಸೇರಿತ್ತು. ಫೋಟೋದಲ್ಲಿ ಯಾರಿಗೆ ಗೊತ್ತಾಗುತ್ತದೆ?

ಪೂರ್ಣಿಯ ಕಿವಿ ಕೆಂಪಾಗಿದ್ದವು. ರಸ್ತೆ ನೋಡುತ್ತಾ ಕೇಳಿದಳು.

"ಎಷ್ಟ ಸಲ ಅಂದಿ?"

"ಏನು?"

"ದೇವೀ ಹೆಸರು."

"ನೂರಾ ಎಂಟು. ಪದ್ಧತಿ."

"ಸುಳ್ಳ. ನೀ ಒಂದ ಸಲ ಅಂದ್ರ ನಾ ಒಂದ ಗಂಟ ಹಾಕ್ತಿದ್ದೆ." ಚಾದರದ ತುದಿ ಸರಿಸಿದಳು. ಕೆಂಪು, ಕಪ್ಪು, ಹಳದಿ ಎಳೆಗಳ ಗೊಂಚಲುಗಳು ಸಾಲಾಗಿ ಗಂಟು ಬಿದ್ದು ಜೋತಾಡುತ್ತಿದ್ದವು. "ನೂರಾ ಹನ್ನೊಂದ ಅದಾವ. ಎಣಿಸ್ಕೊ."

ಮುಸ್ತಾಕ ಕನ್ನಡಿಯಲ್ಲಿ ನಮ್ಮನ್ನು ನೋಡಿ, ಕನ್ನಡಿಯನ್ನು ಆಚೆ ತಿರುಗಿಸಿದ.

ಹಾರ್ನ್ ತಡವಾಯಿತು ಎನ್ನಬಹುದಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ.

"ನೂರಾ ಎಂಟು ದೇವೀಗೆ" ಎಂದೆ. "ಉಳದ ಮೂರು ನಿನಗ."

ಪೂರ್ಣಿ ಚಾದರ ಮುಚ್ಚಿದಳು. ನಾಲ್ಕು ಫೂಟಿನ ಹಣಗಿಯ ಮೇಲೆ ಅವಳ ಕೈ ನಿಧಾನಕ್ಕೆ ಸರಿದು ನನ್ನ ಕೈಯ ಪಕ್ಕ ಬಂದು ನಿಂತಿತು. ಆಮೇಲೆ ತಿರುಗಿ ನೇರ ನನ್ನನ್ನೇ ನೋಡಿದಳು.

"ಬರೇ ಮೂರಾ?"