ಒಂದೇ ಒಂದು ಚೂರು

ಅಪ್ಪನ ಹುಟ್ಟುಹಬ್ಬದ ದಿನ ಬೆಳಿಗ್ಗೆ ಸ್ನೋರ್ ವಾಂತಿ ಮಾಡಿದ್ದು ಅಪ್ಪನ ಹೊಸ ಚಪ್ಪಲಿಯ ಒಳಗೇ.

"ಮೊದಲ ಗಿಫ್ಟ್ ಇವನದೇ," ಅಂದ ಅಪ್ಪ, ಒಂಟಿಕಾಲಲ್ಲಿ ನಿಂತುಕೊಂಡು.

ಮಗಳು ಫೆನ್ನಾಗೆ ನಗು ಬರಲಿಲ್ಲ. ಬಟ್ಟೆ ತಂದು ಒರೆಸಿದಳು. ವಾರದಿಂದ ಇದೇ ಕೆಲಸ. ಸೋಫಾ ಒರೆಸಿದ್ದಾಯ್ತು, ಮೆಟ್ಟಿಲು ಒರೆಸಿದ್ದಾಯ್ತು, ಸ್ಕೂಲ್ ಬ್ಯಾಗಂತೂ ಇನ್ನೂ ಹುಳಿ ವಾಸನೆ ಹೊಡೆಯುತ್ತಿತ್ತು.

ಸ್ನೋರ್ ಅವರ ಮನೆಯ ಬೆಕ್ಕು. ಮೈಯೆಲ್ಲ ಬೂದು, ಮೂಗಿನ ಕೆಳಗೆ ಮಾತ್ರ ಕರೀ ಮೀಸೆ. ಫೆನ್ನಾ ಹುಟ್ಟುವ ಮೊದಲೇ ಮನೆಗೆ ಬಂದವನು. ಹಾಗಾಗಿ ಇಡೀ ಮನೆ ತನ್ನದು, ಇವಳು ಆಮೇಲೆ ಬಂದವಳು ಅನ್ನುವ ಗತ್ತು ಅವನಿಗೆ. ಈಗ ಆ ಗತ್ತೆಲ್ಲ ಇಳಿದುಹೋಗಿತ್ತು. ಎತ್ತಿಕೊಂಡರೆ ಬೆನ್ನಿನ ಮೂಳೆಗಳು ಕೈಗೆ ಚುಚ್ಚುತ್ತಿದ್ದವು.

ಹಿಂದಿನ ದಿನ ಪ್ರಾಣಿಗಳ ಡಾಕ್ಟರ್ ಟೆರ್ಪ್‌ಸ್ಟ್ರಾ ಹೊಟ್ಟೆ ಒತ್ತಿ ನೋಡಿ, ಒಳಗೆ ಊತ ಇದೆ ಅಂದಿದ್ದರು. ವಾಂತಿ ನಿಲ್ಲುವುದಕ್ಕೆ ಇಂಜೆಕ್ಷನ್ ಕೊಟ್ಟರು. ಊಟಕ್ಕೆ ಉಪ್ಪಿಲ್ಲದೆ ಬೇಯಿಸಿದ ಕೋಳಿ, ಅದೂ ಒಂದು ಸಲಕ್ಕೆ ಒಂದೇ ಪುಟ್ಟ ಚಮಚ. ಸ್ವಲ್ಪ ಹೊತ್ತು ಕಾದು ಮತ್ತೆ ಒಂದು. ಬೇರೆ ಏನೂ ಬಾಯಿಗೆ ಹೋಗುವ ಹಾಗಿಲ್ಲ.

"ಅವನಿಗೆ ವಯಸ್ಸಾಗಿದೆ ಫೆನ್ನಾ. ಊಟ ಹೊಟ್ಟೆಯಲ್ಲಿ ನಿಲ್ಲದಿದ್ರೆ ಉಳಿಯೋದು ಕಷ್ಟ," ಅಂದರು. ನಮ್ಮ ಬಂದರೂರು ಹಾರ್ಲಿಂಗೆನ್‌ನ ಡಾಕ್ಟರುಗಳು ಮಾತಿಗೆ ಸಕ್ಕರೆ ಬೆರೆಸುವುದಿಲ್ಲ.

ಚಪ್ಪಲಿಯ ಗಲಾಟೆ ಮುಗಿದ ಮೇಲೆ ಫೆನ್ನಾ ಒಂದು ಚಮಚ ಕೋಳಿ ಕೊಟ್ಟಳು. ಅವನ ಪಕ್ಕದಲ್ಲೇ ಕೂತು ಕಾದಳು. ಹೊಟ್ಟೆಯಲ್ಲಿ ನಿಂತಿತು! ಇನ್ನೊಂದು ಚಮಚ. ಅದೂ ನಿಂತಿತು. ಅವಳಿಗೆ ಕುಣಿಯುವ ಹಾಗಾಯಿತು.

ಅಷ್ಟರಲ್ಲಿ ನೆಂಟರು ಬಂದರು.

ನಮ್ಮಲ್ಲಿ ಹುಟ್ಟುಹಬ್ಬ ಅಂದರೆ ಕುರ್ಚಿಗಳ ಹಬ್ಬ. ಮನೆಯ ಕುರ್ಚಿ ಸಾಲದೆ ಪಕ್ಕದ ಮನೆಯವೂ ಬರುತ್ತವೆ. ಹಾಲ್‌ನಲ್ಲಿ ದುಂಡಗೆ ಜೋಡಿಸಿ, ಒಬ್ಬರ ಮುಖ ಒಬ್ಬರು ನೋಡುತ್ತ ಸಂಜೆಯವರೆಗೆ ಕೂರಬೇಕು. ಕೂರುವ ಮೊದಲು ಎಲ್ಲರ ಕೈ ಕುಲುಕಿ ಶುಭಾಶಯ ಹೇಳಬೇಕು. ಹುಟ್ಟುಹಬ್ಬದವನಿಗೆ ಮಾತ್ರ ಹೇಳಿದರೆ ಸಾಲದು. ಅವನ ಹೆಂಡತಿಗೆ, ಮಗಳಿಗೆ, ಅಮ್ಮನಿಗೆ, ಸುಮ್ಮನೆ ಕುರ್ಚಿ ಕೊಡಲು ಬಂದವರಿಗೂ ಹೇಳಬೇಕು. ಪಕ್ಕದ ಮನೆಯ ಬೂರ್ಸ್ಮಾ ಬಗ್ಗಿ ಸ್ನೋರ್‌ನ ಪಂಜವನ್ನೂ ಕುಲುಕಿದರು.

ಆಮೇಲೆ ಕಾಫಿ, ಜೊತೆಗೆ ಒಂದು ತುಂಡು ಕೇಕ್. ಒಂದೇ. ಹಂಚಿದ ಕೂಡಲೇ ಡಬ್ಬ ಮುಚ್ಚಿ ಒಳಗೆ ಹೋಗುತ್ತದೆ. ಎರಡನೆಯದಕ್ಕೆ ಕೈ ಚಾಚಿದವರನ್ನು ಊರು ವರ್ಷಗಟ್ಟಲೆ ನೆನಪಿಟ್ಟುಕೊಳ್ಳುತ್ತದೆ. ಒಂದು ತಿಂದರೆ ತಿಂದ ಹಾಗಲ್ಲ, ಎರಡು ತಿಂದರೆ ಹೊಟ್ಟೆಬಾಕ. ಇದು ನಮ್ಮ ಲೆಕ್ಕ.

ಫೆನ್ನಾ ಕುರ್ಚಿಗಳ ನಡುವೆ ನಿಂತು, ಸ್ನೋರ್‌ಗೆ ಹುಷಾರಿಲ್ಲ, ದಯವಿಟ್ಟು ಯಾರೂ ಏನೂ ತಿನ್ನಿಸಬೇಡಿ ಅಂತ ಹೇಳಿದಳು. ಎಲ್ಲರೂ ಗಂಭೀರವಾಗಿ ತಲೆಯಾಡಿಸಿದರು.

"ಸರಿಯಾಗಿ ಹೇಳಿದೆ ಪುಟ್ಟಿ. ಕೆಲವರಿಗೆ ಎಷ್ಟು ಹೇಳಿದ್ರೂ ಬುದ್ಧಿ ಬರಲ್ಲ," ಅಂದಳು ಆಲ್ಚೆ ಅತ್ತೆ, ಗಂಡನ ಕಡೆ ನೋಡುತ್ತ. ಗಂಡ ವೀಬೆ ಮಾವ ಬೂರ್ಸ್ಮಾ ಕಡೆ ನೋಡಿದ.

ಆಮೇಲೆ ಶುರುವಾಯಿತು ನೋಡಿ ಬಿಟ್ಟಿ ವೈದ್ಯ. ಶುಂಠಿ ನೀರು ಕುಡಿಸಿ ಅಂದಳು ಅತ್ತೆ. ಏನೂ ಕೊಡದೆ ಉಪವಾಸ ಕೆಡವಿ ಅಂದ ಮಾವ. ತಮ್ಮ ಕಾಲದ ಬೆಕ್ಕುಗಳು ಬಂದರಿನ ಮೀನಿನ ತಲೆ ತಿಂದು ಕಲ್ಲುಗುಂಡಿನಂತೆ ಇದ್ದವು, ಡಾಕ್ಟರ ಮುಖ ನೋಡಿದವಲ್ಲ ಅಂದರು ಬೂರ್ಸ್ಮಾ. ಬೆಕ್ಕು ಸಾಕದವರೇ ಹೆಚ್ಚು ಮಾತಾಡಿದರು.

ಫೆನ್ನಾ ಸ್ನೋರ್‌ನನ್ನು ಮಹಡಿಯ ರೂಮಿನಲ್ಲಿ ಬಿಟ್ಟು ಬಾಗಿಲು ಹಾಕಿದಳು. ಅವನು ಒಳಗಿಂದ ಗೋಳಾಡಿದ. ಬಾತ್‌ರೂಮಿಗೆ ಹೋದ ಅಜ್ಜಿ, ಪಾಪ ಹಬ್ಬದ ದಿನ ಒಂಟಿಯಾಗಿ ಕೂಡಿಹಾಕಿದ್ದಾರಲ್ಲ ಅಂತ ಬಾಗಿಲು ತೆಗೆದುಬಿಟ್ಟಳು.

ಅದೇ ಹೊತ್ತಿಗೆ ಅಮ್ಮ ಕಾಫಿ ಕಪ್ಪು ತೊಳೆಯಲು ಫೆನ್ನಾಳನ್ನು ಕರೆದಳು. ಹಾಲ್‌ನಲ್ಲಿ ಈಗ ಖಾರದ ತಿಂಡಿಗಳ ಸರದಿ. ಸಾಸಿವೆ ಹಚ್ಚಿದ ಚೀಸ್, ದುಂಡಗೆ ಕತ್ತರಿಸಿದ ಲಿವರ್ ಸಾಸೇಜ್, ಹೆಚ್ಚಿದ ಈರುಳ್ಳಿ ಉದುರಿಸಿದ ಉಪ್ಪು ಮೀನು.

ಫೆನ್ನಾ ಕೈ ಒರೆಸಿಕೊಳ್ಳುತ್ತ ಬಂದಾಗ ಮಾತು ಜೋರಾಗಿ ನಡೆದಿತ್ತು. ಎಲ್ಲರ ಕಣ್ಣೂ ಮೇಲೆ, ಒಂದೊಂದು ಕೈ ಮಾತ್ರ ಕುರ್ಚಿಯ ಪಕ್ಕದಲ್ಲಿ ಕೆಳಗೆ ಇಳಿಬಿದ್ದಿತ್ತು. ಆ ಕೈಗಳ ದಾರಿ ಹಿಡಿದು ಸ್ನೋರ್ ಕುರ್ಚಿಯಿಂದ ಕುರ್ಚಿಗೆ ಸವಾರಿ ಹೊರಟಿದ್ದ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದೆ ಅಂತಾರೆ. ಇಲ್ಲಿ ಬೆಕ್ಕಿನ ಕಣ್ಣು ತೆರೆದೇ ಇತ್ತು.

"ಅತ್ತೆ! ಬೇಡ ಅಂದೆನಲ್ಲ!"

"ಒಂದೇ ಒಂದು ಚೂರು ಕಣೇ," ಅಂದಳು ಅತ್ತೆ. "ಒಂದು ಚೂರಿಂದ ಏನಾಗತ್ತೆ?"

ಫೆನ್ನಾ ಸ್ನೋರ್‌ನನ್ನು ಎತ್ತಿಕೊಳ್ಳಲು ಓಡಿದಳು. ಅವನು ಕಾರ್ಪೆಟ್ಟಿನ ನಟ್ಟನಡುವೆ ನಿಂತ. ಹೊಟ್ಟೆ ಒಳಗೆಳೆದುಕೊಂಡ. ಎಲ್ಲರ ಕಣ್ಣೆದುರೇ ಎಲ್ಲ ಹೊರಬಂತು. ಚೀಸ್, ಸಾಸೇಜ್, ಮೀನು, ಕೇಕಿನ ಕೆನೆ. ದುಂಡಗೆ ಕೂತವರಿಗೆ ಮುಖ ತಿರುಗಿಸಲು ಜಾಗ ಎಲ್ಲಿದೆ? ಎಲ್ಲರೂ ತಾವು ಕೊಟ್ಟದ್ದನ್ನು ಗುರುತು ಹಿಡಿದರು.

"ಇಷ್ಟೆಲ್ಲ ಯಾರು ಕೊಟ್ಟಿದ್ದು?" ಅಂತ ಎಲ್ಲರಿಗಿಂತ ಗಟ್ಟಿಯಾಗಿ ಕೇಳಿದವಳು ಅಜ್ಜಿ. ಅವಳ ಬೆರಳಿನಲ್ಲಿ ಇನ್ನೂ ಕೆನೆ ಇತ್ತು.

ಸ್ನೋರ್ ಮತ್ತೆ ವಾಂತಿ ಮಾಡಿದ. ಮತ್ತೆ ಮಾಡಿದ. ಕೊನೆಗೆ ಬರೀ ಹಳದಿ ನೀರು ಬಂತು. ಹಿಂಗಾಲು ಸೋತು ಅಲ್ಲೇ ಕುಸಿದು ಕೂತ. ಫೆನ್ನಾ ಅವನನ್ನು ಟವೆಲಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡು ಅತ್ತಳು. ಸಲಹೆ ಕೊಟ್ಟವರೆಲ್ಲ ಕುರ್ಚಿಯ ಕೆಳಗೆ ಕಾಲು ಎಳೆದುಕೊಂಡರು.

ಅಪ್ಪ ಡಾಕ್ಟರಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದ. ಏನು ತಿಂದ ಅಂತ ಕೇಳಿದರು. ಒಬ್ಬೊಬ್ಬರಾಗಿ ಒಪ್ಪಿಕೊಂಡರು. ತಾನು ಒಂದೇ ಚೂರು ಚೀಸ್, ತಾನು ಒಂದೇ ತುಂಡು ಸಾಸೇಜ್, ತಾನು ಒಂದೇ ಚೂರು ಈರುಳ್ಳಿ ಮೀನು. ಬೆಕ್ಕಿಗೆ ಈರುಳ್ಳಿ ವಿಷ ಗೊತ್ತಾ ಅಂತ ಡಾಕ್ಟರ್ ಕೇಳಿದಾಗ, ತಾನು ಒರೆಸಿಯೇ ಕೊಟ್ಟೆ ಅಂದರು ಬೂರ್ಸ್ಮಾ, ಸಣ್ಣ ದನಿಯಲ್ಲಿ.

"ಒಬ್ಬೊಬ್ಬರು ಒಂದೇ ಕೊಟ್ರಿ, ಸರಿ. ಅಲ್ಲಿ ಎಷ್ಟು ಜನ ಇದ್ದೀರಿ?" ಅಂತ ಕೇಳಿದರು ಡಾಕ್ಟರ್.

ಅಪ್ಪ ಕುರ್ಚಿಗಳ ಸುತ್ತು ಒಮ್ಮೆ ನೋಡಿದ. "ಕೂರೋಕೆ ಜಾಗ ಇಲ್ಲ ಡಾಕ್ಟರೇ," ಅಂದ.

ಎರಡು ಗಂಟೆ ಹೊತ್ತು ಏನೂ ಬೇಡ, ಆಮೇಲೆ ಮತ್ತೆ ಮೊದಲಿಂದ ಒಂದೊಂದೇ ಚಮಚ ಅಂದರು ಡಾಕ್ಟರ್. ಇನ್ನೊಂದು ಸಲ ವಾಂತಿಯಾದರೆ ಕೂಡಲೇ ಕರೆತಂದು ಡ್ರಿಪ್ ಹಾಕಿಸಬೇಕು. ಆದರೆ ಅವನ ಮೈಯಲ್ಲಿ ಅದನ್ನು ತಡೆಯುವ ಶಕ್ತಿ ಇದೆಯೋ ಇಲ್ಲವೋ, ಮಾತು ಕೊಡಲಾರೆ ಅಂದರು.

ನೆಂಟರು ಮತ್ತೆ ಎಲ್ಲರ ಕೈ ಕುಲುಕಿ ಹೊರಟರು. ಸ್ನೋರ್‌ನ ಪಂಜದ ಹತ್ತಿರ ಈ ಸಲ ಯಾರೂ ಹೋಗಲಿಲ್ಲ. ಅಜ್ಜಿ ಮಾತ್ರ ಉಳಿದಳು. ಎರಡು ಗಂಟೆ ಕಳೆದ ಮೇಲೆ, ತಾನೇ ತಿನ್ನಿಸುತ್ತೇನೆ ಅಂತ ಹಟ ಹಿಡಿದು ಚಮಚ ಕೈಗೆ ತೆಗೆದುಕೊಂಡಳು.

ಸ್ನೋರ್ ಒಂದು ಚಮಚ ನೆಕ್ಕಿ ಮುಗಿಸಿದ. ಆಮೇಲೆ ಅಜ್ಜಿಯ ಮೊಣಕಾಲ ಮೇಲೆ ಪಂಜ ಇಟ್ಟು, ಕತ್ತು ಎತ್ತಿ, ಎಳೆಗರುವಿನಂತೆ ಕಣ್ಣು ಬಿಟ್ಟು ನೋಡಿದ. ಸಣ್ಣಗೆ ಮಿಯಾಂವ್ ಅಂದ. ಅಜ್ಜಿಯ ಚಮಚ ತಾನಾಗಿಯೇ ಬಟ್ಟಲಿನ ಕಡೆ ಹೋಯಿತು. ಫೆನ್ನಾ ಅವಳ ಮಣಿಕಟ್ಟು ಹಿಡಿದುಕೊಂಡಳು.

"ನನ್ನ ಮುಖಾನೇ ನೋಡ್ತಾನೆ ಕಣೇ," ಅಂದಳು ಅಜ್ಜಿ. ಅವಳ ಕಣ್ಣು ಒದ್ದೆಯಾಗಿತ್ತು. "ಇಲ್ಲ ಅಂದ್ರೆ ನನ್ನ ಕೆಟ್ಟೋಳು ಅನ್ಕೊಳ್ತಾನೆ."

ಫೆನ್ನಾ ಅಜ್ಜಿಯನ್ನೇ ನೋಡಿದಳು. ಅತ್ತೆ, ಮಾವ, ಬೂರ್ಸ್ಮಾ ಎಲ್ಲರೂ ಕಣ್ಣ ಮುಂದೆ ಬಂದರು. ಅವರ ಮೇಲಿದ್ದ ಸಿಟ್ಟು ಹೋಗಲಿಲ್ಲ. ಆದರೆ ಕೈಗಳೆಲ್ಲ ಯಾಕೆ ಕೆಳಗಿಳಿದವು ಅಂತ ಈಗ ಗೊತ್ತಾಯಿತು.

"ನನ್ನನ್ನ ಕೆಟ್ಟೋಳು ಅನ್ಕೊಳ್ಲಿ ಬಿಡು ಅಜ್ಜಿ," ಅಂದಳು. "ಬಟ್ಟಲು ಇಲ್ಲಿ ಕೊಡು."

ಬಟ್ಟಲನ್ನು ಕಪಾಟಿನ ಮೇಲೆ ಎತ್ತಿಟ್ಟಳು. ಸ್ನೋರ್ ಅವಳ ಕಾಲು ಸುತ್ತಿದ. ಅವಳು ಅಲ್ಲಾಡಲಿಲ್ಲ. ಅವನು ಕೂಗಿದ. ಬೈದ ಅಂತಲೇ ಹೇಳಬೇಕು. ಅವಳು ನೆಲದ ಮೇಲೆ ಕೂತಳು. ಕೊನೆಗೆ ಅವನು ಗೋಡೆಗೆ ಮುಖ ಮಾಡಿ, ಅವಳಿಗೆ ಬೆನ್ನು ತೋರಿಸಿ ಕೂತುಬಿಟ್ಟ. ಬಾಲವನ್ನು ನೆಲಕ್ಕೆ ಪಟ್ ಪಟ್ ಬಡಿದ.

ಹೊತ್ತು ಹೋಯಿತು. ಅವನ ಹೊಟ್ಟೆ ಮೆಲ್ಲಗೆ ಏರುತ್ತಿತ್ತು, ಇಳಿಯುತ್ತಿತ್ತು. ಏನೂ ಹೊರಬರಲಿಲ್ಲ.

ಫೆನ್ನಾ ಎರಡನೇ ಚಮಚ ಕೊಟ್ಟಳು. ಅವನು ತಿಂದ, ಅವಳ ಮುಖ ಮಾತ್ರ ನೋಡಲಿಲ್ಲ. ಮತ್ತೆ ಗೋಡೆಯ ಕಡೆ ತಿರುಗಿದ. ಬೆನ್ನು ಸವರಲು ಕೈ ಮುಂದೆ ಮಾಡಿದರೆ ಸರಕ್ಕನೆ ಆಚೆ ಸರಿದ. ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು, ಮೂರನೇ ಚಮಚದ ಹೊತ್ತಿಗಾಗಿ ಕಾಯುತ್ತ ಅವನ ಬೆನ್ನ ಹಿಂದೆಯೇ ಕೂತಳು.